ನಮ್ಮ ಗೋಡೆಗೂಡಿನ ಗಣಕಯಂತ್ರ

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಬಸರೀಕಟ್ಟೆ)

ಗಣಕಯಂತ್ರವನ್ನು ಕುರಿತು ಲೇಖನ ಬರೆಯಲು ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವ ಬಿ.ಎ. ವಿದ್ಯಾರ್ಥಿನಿಗೆ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಕೇಳತಕ್ಕದ್ದೇ. ನನಗಿರುವ ಅಧಿಕಾರವು ಅಲ್ಪವಾದುದು. ಸುಟ್ಟುಹೋದ ಒಂದು ಕಂಪ್ಯೂಟರಿನ ಪೆಟ್ಟಿಗೆಯನ್ನು ನನ್ನ ಕೈಯಿಂದಲೇ ಬಿಚ್ಚಿ ನೋಡಿದ್ದೇನೆ. ಅದರ ಬದಲಿಗೆ ಇನ್ನೊಂದನ್ನು ನಮ್ಮ ಮನೆಯ ಅಳತೆಗೆ ಹೊಂದಿಸಿ ನಿಲ್ಲಿಸಿದ್ದೇನೆ. ಈ ಎರಡು ಕೆಲಸಗಳ ನಡುವೆ ನಾನು ಓದಿ ಕೇಳಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

‘ಆಧುನಿಕ ಮನೆಗೆ ಒಪ್ಪುವ ಪುಟ್ಟ ಗಣಕಯಂತ್ರ’ ಎಂದು ಜಾಹೀರಾತುಗಳಲ್ಲಿ ನೋಡುತ್ತೇವೆ. ಚಿತ್ರದಲ್ಲಿ ಗಾಜಿನ ಮೇಜು, ಬಿಳಿಯ ಗೋಡೆ, ಒಂದು ಹೂಕುಂಡ. ಆ ಮನೆ ಯಾರದೋ ನಾನರಿಯೆ. ನಮ್ಮದು ಕೊಪ್ಪ ತಾಲ್ಲೂಕಿನ ಬಸರೀಕಟ್ಟೆಯ ಹತ್ತಿರದ ಹೆಂಚಿನ ಮನೆ. ಮುಂದೆ ಜಗಲಿ, ನಡುವೆ 10 ಅಡಿಗೆ 12 ಅಡಿಯ ನಡುಮನೆ, ಪಕ್ಕದಲ್ಲಿ ಒಂದು ಕೋಣೆ, ಹಿಂದೆ ಅಡಿಗೆಮನೆ. ನಮ್ಮ ತಂದೆ ಕೊನೆಗಾರರು. ಮರ ಹತ್ತಿ ಅಡಿಕೆ ಗೊನೆ ಇಳಿಸುವುದು ಅವರ ಕೆಲಸ. ತಾಯಿಯೂ ತೋಟದ ಕೂಲಿಗೆ ಹೋಗುವರು. ಸುಗ್ಗಿಯ ಕಾಲದಲ್ಲಿ ರಾತ್ರಿ ನಡುಮನೆಯಲ್ಲಿಯೇ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುವರು. ಆ ನಡುಮನೆಯಲ್ಲಿಯೇ ಊಟ, ಅಲ್ಲಿಯೇ ನನ್ನ ಮತ್ತು ತಂಗಿಯ ಓದು, ಅಲ್ಲಿಯೇ ರಾತ್ರಿ ಮೂರು ಚಾಪೆ. ಬೆಂಗಳೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿರುವ ನಮ್ಮ ಚಿಕ್ಕಪ್ಪನ ಸಂಸಾರವೂ ಇದೇ ರೀತಿ ಬದುಕುತ್ತದೆ. ಆದುದರಿಂದ ಒಂದೇ ಜಾಗವು ಹಗಲಿಗೊಂದು, ಸಂಜೆಗೊಂದು, ರಾತ್ರಿಗೊಂದು ಮನೆಯಾಗಬೇಕಾದುದೇ ಆಧುನಿಕ ವಾಸದ ಲಕ್ಷಣವೆಂದು ನಾನು ತಿಳಿದಿದ್ದೇನೆ. ಅಂತಹ ಜಾಗಕ್ಕೆ ಎಂತಹ ಗಣಕಯಂತ್ರ ಬೇಕು ಎಂಬುದೇ ಪ್ರಶ್ನೆ.

2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಫೋನಿನೊಳಗೆ ಹೋದುವು. ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ತಂದೆಯವರ ಫೋನನ್ನು ಹಿಡಿದು, ಕೊಡೆ ಬಿಚ್ಚಿಕೊಂಡು ಹಿಂದಿನ ಗುಡ್ಡದ ಮೇಲೆ ಕುಳಿತು ನಾನು ಹತ್ತನೆಯ ತರಗತಿಯನ್ನು ಓದಿದೆನು. ಮರುವರ್ಷ ನಮ್ಮ ಬದಿಗೂ ಸಿಗ್ನಲ್ ಬಂದಿತು. ಮುಚ್ಚಿಹೋಗುತ್ತಿದ್ದ ಒಂದು ಅಂಗಡಿಯಿಂದ ತಂದೆಯವರು 9,500 ರೂಪಾಯಿಗೆ ಹಳೆಯ ಕಂಪ್ಯೂಟರೊಂದನ್ನು ತಂದರು. ಆ ಹಣಕ್ಕಾಗಿ ಅವರು ಎಷ್ಟು ಮರ ಹತ್ತಿದ್ದರೆಂದು ಲೆಕ್ಕ ಹಾಕುವ ಧೈರ್ಯ ನನಗಿಲ್ಲ. ಪೆಟ್ಟಿಗೆಯೊಂದು, 15 ಇಂಚಿಗೆ ಸ್ವಲ್ಪ ಮೇಲ್ಪಟ್ಟ ಪರದೆಯೊಂದು, ಕಲ್ಲಿನಂತೆ ಭಾರವಾದ ಯು.ಪಿ.ಎಸ್. ಒಂದು, ಹಾವಿನ ಮರಿಗಳಂತೆ ಏಳೆಂಟು ವೈರುಗಳು. ಇವಕ್ಕೆಲ್ಲ ನಾಲ್ಕಡಿ ಉದ್ದದ ಮೇಜು ಬೇಕಾಯಿತು. ಮೇಜು ಬಂದ ದಿನವೇ ಒಂದು ಚಾಪೆ ನಡುಮನೆಯಿಂದ ಜಗಲಿಗೆ ಹೋಯಿತು.

“ಇದು ಕೂತ್ರೆ ನಾವು ನಿಲ್ಬೇಕು ಮಾರಾಯ್ತಿ” ಎಂದು ತಂದೆ ನಗುತ್ತ ಹೇಳಿದರು. ಜಗಲಿಗೆ ಹೋದುದು ಅವರ ಚಾಪೆಯೇ.

2023ರ ಏಪ್ರಿಲ್ ತಿಂಗಳ ಒಂದು ಸಂಜೆ, ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ, ತೋಟದಾಚೆ ಎಲ್ಲಿಯೋ ಸಿಡಿಲು ಬಿದ್ದಿತು. ಗೋಡೆಯ ಪ್ಲಗ್ಗಿನಿಂದ ಟಪ್ಪೆಂದು ಶಬ್ದ ಬಂದಿತು. ಕೂದಲು ಸುಟ್ಟಂತಹ ವಾಸನೆ ಮನೆ ತುಂಬಿತು. ಯು.ಪಿ.ಎಸ್. ಸತ್ತಿತು, ಪೆಟ್ಟಿಗೆಯೂ ಸತ್ತಿತು. ಪರದೆಯ ಪ್ಲಗ್ಗನ್ನು ಮಾತ್ರ ತಂಗಿಯು ಫೋನು ಚಾರ್ಜು ಮಾಡುವುದಕ್ಕೆಂದು ಕಿತ್ತು ಹಾಕಿದ್ದಳು. ಬೇರೆ ದಿನವಾದರೆ ಅದಕ್ಕೆ ಜಗಳವಾಗುತ್ತಿದ್ದಿತು. ಅಂದು ಆ ಅಪರಾಧದಿಂದಲೇ ಪರದೆ ಉಳಿಯಿತು. ರಿಪೇರಿಯವರು ನೋಡಿ ‘ಮದರ್‌ಬೋರ್ಡು ಹೋಗಿದೆ’ ಎಂದರು. ಆ ವರ್ಷ ನಾನು ಬಿ.ಎ.ಗೆ ಸೇರಿದಾಗ ವಿದ್ಯಾರ್ಥಿವೇತನದ ಅರ್ಜಿಯನ್ನು ಪೇಟೆಯ ಅಂಗಡಿಯಲ್ಲಿ ತುಂಬಿಸಬೇಕಾಗಿ ಬಂದಿತು. ಇವತ್ತು ನಾಳೆ ಎಂದು ಬಸ್ಸಿಗೆ ಕಾದು ನಾನೇ ಗಡುವನ್ನು ತಪ್ಪಿಸಿಕೊಂಡೆನು. ಇದರಲ್ಲಿ ತಪ್ಪು ನನ್ನದೇ. ಆದರೆ ಯಂತ್ರ ಮನೆಯಲ್ಲಿದ್ದಿದ್ದರೆ ಆ ತಪ್ಪು ನಡೆಯುತ್ತಿರಲಿಲ್ಲವೆಂಬ ಮಾತು ಬಹು ದಿನ ಮನಸ್ಸಿನಲ್ಲಿ ಚುಚ್ಚುತ್ತಿದ್ದಿತು.

ಸತ್ತ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮೊದಲು ಒಂದು ಭಾನುವಾರ ಬಿಚ್ಚಿದೆನು. ಬಿಚ್ಚಿದವಳು ಬೆರಗಾದೆನು. ಅಷ್ಟು ದೊಡ್ಡ ಪೆಟ್ಟಿಗೆಯ ಒಳಗೆ ಮುಕ್ಕಾಲು ಪಾಲು ಏನೂ ಇರಲಿಲ್ಲ! ಒಂದು ಕಡೆ ಹಸಿರು ಹಲಗೆ, ಮೇಲೆ ವಿದ್ಯುತ್ತನ್ನು ಇಳಿಸಿ ಕೊಡುವ ತಗಡಿನ ಡಬ್ಬಿ, ಮುಂದೆ ಡಿಸ್ಕು. ಉಳಿದುದೆಲ್ಲ ಗಾಳಿ, ಧೂಳು, ಅಡಿಕೆ ಸಿಪ್ಪೆಯ ನಾರು, ಒಂದು ಇರುವೆಯ ಗೂಡು. ನಾವು ಅಪ್ಪನನ್ನು ಜಗಲಿಗೆ ಕಳುಹಿಸಿದ್ದು ಗಾಳಿಯನ್ನು ಇಟ್ಟುಕೊಳ್ಳುವುದಕ್ಕಾಗಿಯೇ ಎಂದು ನನಗೆ ಮೊದಲು ಸಿಟ್ಟು, ಅನಂತರ ಕುತೂಹಲ ಉಂಟಾದುವು. ಇಷ್ಟು ಬರಿದಾದ ಜಾಗವನ್ನು ಏಕೆ ಬಿಟ್ಟರು?

ಕಾರಣ ಎರಡು. ಮೊದಲನೆಯದು, ಮುಂದೆ ಬೇಕಾದರೆ ಬೇರೆ ಬೇರೆ ಹಲಗೆಗಳನ್ನೂ ಡಿಸ್ಕುಗಳನ್ನೂ ಸೇರಿಸಲಿ ಎಂಬ ಉದಾರ ಭಾವನೆ. 1995ರಲ್ಲಿ ಇಂಟೆಲ್ ಕಂಪೆನಿಯು ‘ಎ.ಟಿ.ಎಕ್ಸ್.’ ಎಂಬ ಅಳತೆಯನ್ನು ಗೊತ್ತುಮಾಡಿತು. ಅದರಂತೆ ಮುಖ್ಯ ಹಲಗೆಯು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಎಲ್ಲರೂ ಒಂದೇ ಅಳತೆಯನ್ನು ಅನುಸರಿಸಿದುದರಿಂದ ಯಾವ ಕಂಪೆನಿಯ ಹಲಗೆಯಾದರೂ ಯಾವ ಪೆಟ್ಟಿಗೆಗಾದರೂ ಕೂರುವಂತಾಯಿತು. ಇದು ದೊಡ್ಡ ಅನುಕೂಲವೇ. ಆದರೆ ನಮ್ಮಂತಹವರು ಹೊಸ ಹಲಗೆಯನ್ನು ಸೇರಿಸುವುದು ಯಾವ ಕಾಲಕ್ಕೆ? ಹತ್ತು ಮಂದಿ ನೆಂಟರು ಬಂದಾರೆಂದು ವರ್ಷವಿಡೀ ಹತ್ತು ಎಲೆ ಹಾಕಿಟ್ಟ ಹಾಗಾಯಿತು ಇದು.

ಎರಡನೆಯ ಕಾರಣವು ಶಾಖ. ಇಲ್ಲಿ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಗಣಕಯಂತ್ರದ ಪ್ರೊಸೆಸರು ಎಂದರೆ ಕೋಟಿಗಟ್ಟಲೆ ಸೂಕ್ಷ್ಮ ಸ್ವಿಚ್ಚುಗಳ ಒಂದು ಚೂರು. ಅವು ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ತೆರೆದು ಮುಚ್ಚುತ್ತವೆ. ಒಂದೊಂದು ಸಾರಿಯೂ ತುಸು ವಿದ್ಯುತ್ತು ಖರ್ಚಾಗುತ್ತದೆ. ಖರ್ಚಾದುದೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. 60 ವಾಟು ತಿನ್ನುವ ಪ್ರೊಸೆಸರು ಹಳೆಯ ಕಾಲದ 60 ವಾಟಿನ ಬುರುಡೆದೀಪದಷ್ಟೇ ಬಿಸಿಯನ್ನು ಉಗುಳುತ್ತದೆ, ಅದೂ ಅಂಚೆ ಚೀಟಿಯಷ್ಟು ಜಾಗದಿಂದ. ಅದನ್ನು ಹೊರಹಾಕಲು ಫ್ಯಾನು ಬೇಕು. ಫ್ಯಾನಿಗೆ ಗಾಳಿ ಬೇಕು. ಗಾಳಿ ಬರಲು ಪೆಟ್ಟಿಗೆಗೆ ತೂತು ಬೇಕು. ತೂತಿನಿಂದ ಗಾಳಿಯ ಸಂಗಡ ಧೂಳು, ನಾರು, ಇರುವೆ, ಆಷಾಢದ ತೇವ ಎಲ್ಲವೂ ಬರುತ್ತವೆ. ನಮ್ಮ ಯಂತ್ರವನ್ನು ಸಿಡಿಲು ಕೊಂದಿತೆಂಬುದು ನಿಜ. ಆದರೆ ಸಿಡಿಲು ಬಾರದೆ ಇದ್ದರೂ ಅದು ಹೆಚ್ಚು ಕಾಲ ಬದುಕುತ್ತಿರಲಿಲ್ಲವೆಂದು ಒಳಗನ್ನು ನೋಡಿದ ಮೇಲೆ ಅನಿಸಿತು.

ಈ ಕಾರಣದಿಂದ ನಾನು ಒಂದು ತೀರ್ಮಾನಕ್ಕೆ ಬಂದೆನು. ಮನೆಯ ಗಣಕಯಂತ್ರವನ್ನು ಕಿರಿದಾಗಿಸುವುದೆಂದರೆ ಮೊದಲು ಇಂಚುಗಳನ್ನು ಕಡಮೆ ಮಾಡುವುದಲ್ಲ, ವಾಟುಗಳನ್ನು ಕಡಮೆ ಮಾಡುವುದು. ವಾಟು ಇಳಿದರೆ ಇಂಚು ತಾನೇ ಇಳಿಯುತ್ತದೆ.

ಇದನ್ನು ಜಗತ್ತು ಕಂಡುಕೊಂಡ ಬಗೆಯು ಸ್ವಾರಸ್ಯವಾಗಿದೆ. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಲೋಕಕ್ಕೆ ತೋರಿಸಿದ ‘ಎನಿಯಾಕ್’ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದುವು. ತೂಕ ಸುಮಾರು 30 ಟನ್. ಬೇಕಾದ ವಿದ್ಯುತ್ತು 150 ಕಿಲೋವಾಟು. ಅದು ಮನೆಯೊಳಗೆ ಇಡುವ ಯಂತ್ರವಲ್ಲ. ಅದರೊಳಗೇ ಮನೆ ಮಾಡಬಹುದು. ಟ್ರಾನ್ಸಿಸ್ಟರು ಬಂದು, ಚಿಪ್ಪು ಬಂದು, 1977ರ ಹೊತ್ತಿಗೆ ಆಪಲ್-2ರಂತಹ ಯಂತ್ರಗಳು ಮೇಜಿನ ಮೇಲೆ ಕುಳಿತುವು. 1981ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಎಂಬ ಕಂಪೆನಿಯು ‘ಬಿ.ಬಿ.ಸಿ. ಮೈಕ್ರೋ’ ಎಂಬುದನ್ನು ಹೊರತಂದಿತು. ಅದರಲ್ಲಿ ಕೀಲಿಮಣೆಯೇ ಕಂಪ್ಯೂಟರು. ಮನೆಯ ಟೆಲಿವಿಷನ್ನೇ ಪರದೆ. ನಮ್ಮ ದೇಶದ ಶಾಲೆಗಳಿಗೆ ಗಣಕಶಿಕ್ಷಣವನ್ನು ಕೊಡಲು 1984ರಲ್ಲಿ ಭಾರತ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿದಾಗ ಬಂದುವು ಇದೇ ಯಂತ್ರಗಳೇ.

ಅದೇ ಏಕಾರ್ನ್ ಕಂಪೆನಿಯ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಎಂಬ ಇಬ್ಬರು ಎಂಜಿನಿಯರರು ಮುಂದೆ ತಮ್ಮದೇ ಒಂದು ಪ್ರೊಸೆಸರನ್ನು ರಚಿಸಿದರು. ಬೆಲೆ ಕಡಮೆಯಾಗಬೇಕಾದರೆ ಚಿಪ್ಪನ್ನು ಪಿಂಗಾಣಿಯ ಬದಲು ಪ್ಲಾಸ್ಟಿಕ್ಕಿನ ಕವಚದಲ್ಲಿ ಇಡಬೇಕು. ಪ್ಲಾಸ್ಟಿಕ್ಕು ಬಿಸಿಯನ್ನು ತಡೆಯದು. ಆದುದರಿಂದ ಅದು ಒಂದು ವಾಟಿಗಿಂತ ಹೆಚ್ಚು ತಿನ್ನಬಾರದು ಎಂಬುದು ಅವರ ಗುರಿ. 1985ರ ಏಪ್ರಿಲಿನಲ್ಲಿ ಮೊದಲ ಚಿಪ್ಪು ಕೈಗೆ ಬಂದು ಕೆಲಸವನ್ನೂ ಮಾಡಿತು. ಆದರೆ ವಿದ್ಯುತ್ತನ್ನು ಅಳೆಯುವ ಮಾಪಕವು ಸೊನ್ನೆಯನ್ನು ತೋರಿಸುತ್ತಿದ್ದಿತಂತೆ! ನೋಡಿದರೆ ಚಿಪ್ಪಿಗೆ ವಿದ್ಯುತ್ತಿನ ಸಂಪರ್ಕವೇ ಆಗಿರಲಿಲ್ಲ. ಪಕ್ಕದ ಸಂಕೇತದ ತಂತಿಗಳಿಂದ ಸೋರಿ ಬಂದ ವಿದ್ಯುತ್ತಿನಲ್ಲಿಯೇ ಅದು ನಡೆಯುತ್ತಿದ್ದಿತು. ಈ ಕಥೆಯನ್ನು ಓದಿದಾಗ ನನಗೆ ನಮ್ಮ ತಾಯಿಯ ನೆನಪಾಯಿತು. ಅವರೂ ಒಂದು ಲೋಟ ಕಾಫಿಯ ಮೇಲೆ ಮಧ್ಯಾಹ್ನದವರೆಗೆ ಕೆಲಸ ಮಾಡುವವರೇ. ‘ಆರ್ಮ್’ ಎಂದು ಹೆಸರಾದ ಆ ವಂಶದ ಪ್ರೊಸೆಸರುಗಳೇ ಇಂದು ನಮ್ಮ ಕೈಯ ಫೋನುಗಳಲ್ಲಿ ಇರುವುವು. 2012ರಲ್ಲಿ ಕೇಂಬ್ರಿಜ್‌ನಲ್ಲಿಯೇ ಹುಟ್ಟಿದ ‘ರಾಸ್ಪ್‌ಬೆರಿ ಪೈ’ ಎಂಬ, ಅಂಗೈಗಿಂತ ಚಿಕ್ಕದಾದ ಕಂಪ್ಯೂಟರಿನಲ್ಲಿಯೂ ಅದೇ ವಂಶ. ಅದರ ಹಲಗೆಯ ಉದ್ದ 85 ಮಿ.ಮೀ.ಗೆ ಸ್ವಲ್ಪ ಮೇಲೆ, ಅಗಲ 56 ಮಿ.ಮೀ.

ಆದರೆ ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದುದು ಕೇಂಬ್ರಿಜ್ ಅಲ್ಲ, ಬೆಂಗಳೂರು. ರಾಸ್ಪ್‌ಬೆರಿ ಪೈ ಬರುವುದಕ್ಕೆ ಹನ್ನೊಂದು ವರ್ಷ ಮೊದಲೇ, 2001ರಲ್ಲಿ, ಬೆಂಗಳೂರಿನಲ್ಲಿ ‘ಸಿಂಪ್ಯೂಟರ್’ ಎಂಬ ಕೈಗಣಕವು ಹೊರಬಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಪ್ರಾಧ್ಯಾಪಕರೂ, ಎನ್‌ಕೋರ್ ಎಂಬ ಕಂಪೆನಿಯ ವಿನಯ್ ದೇಶಪಾಂಡೆ ಮೊದಲಾದ ಎಂಜಿನಿಯರರೂ ಸೇರಿ ಒಂದು ಟ್ರಸ್ಟನ್ನು ಕಟ್ಟಿಕೊಂಡು ಮಾಡಿದ ಯಂತ್ರವದು. ಸರಳ, ಅಗ್ಗ, ಬಹುಭಾಷೆಯ ಜನರ ಕಂಪ್ಯೂಟರು ಎಂಬುದೇ ಆ ಹೆಸರಿನ ಅರ್ಥ. ಅದರೊಳಗಿದ್ದುದೂ ಆರ್ಮ್ ವಂಶದ ಒಂದು ಚಿಪ್ಪೇ. ಅದನ್ನು ನಡೆಸುತ್ತಿದ್ದುದು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಲಿನಕ್ಸ್ ತಂತ್ರಾಂಶ.

ಆ ಯಂತ್ರದಲ್ಲಿ ಎರಡು ಆಲೋಚನೆಗಳಿದ್ದುವು. ಓದುಬಾರದವರೂ ಬಳಸಲಿ ಎಂದು ಅದು ಭಾರತೀಯ ಭಾಷೆಗಳ ಬರಹವನ್ನು ಓದಿ ಹೇಳುತ್ತಿದ್ದಿತು. ಎರಡನೆಯದಾಗಿ, ಪ್ರತಿಯೊಬ್ಬನೂ ಒಂದು ಯಂತ್ರವನ್ನು ಕೊಳ್ಳಬೇಕಾಗಿರಲಿಲ್ಲ. ಊರಿಗೊಂದು ಯಂತ್ರವಿದ್ದು, ಪ್ರತಿಯೊಬ್ಬನ ಬಳಿಯೂ ಅವನದೇ ಒಂದು ಸ್ಮಾರ್ಟ್ ಕಾರ್ಡ್ ಇದ್ದರೆ ಸಾಕು. ಕಾರ್ಡನ್ನು ತೂರಿಸಿದರೆ ಯಂತ್ರವು ಆ ಹೊತ್ತಿಗೆ ಅವನದಾಗುತ್ತಿದ್ದಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ‘ಅಮಿಡ ಸಿಂಪ್ಯೂಟರ್’ ಎಂಬ ಹೆಸರಿನಿಂದ, ಹತ್ತು ಸಾವಿರ ರೂಪಾಯಿಗಳ ಸಮೀಪದ ಬೆಲೆಯಿಂದ ಮೊದಲ್ಗೊಂಡು ಅದು ಮಾರಾಟಕ್ಕೆ ಬಂದಿತು. ಕರ್ನಾಟಕದ ಭೂದಾಖಲೆಗಳ ‘ಭೂಮಿ’ ಯೋಜನೆಯಲ್ಲಿಯೂ ಅದನ್ನು ಉಪಯೋಗಿಸಿದರು. ಆದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಮೊಬೈಲು ಫೋನು ಅಗ್ಗವಾಗಿ ಎಲ್ಲರ ಜೇಬನ್ನೂ ಸೇರತೊಡಗಿದ್ದಿತು.

ಸಿಂಪ್ಯೂಟರು ಸೋತಿತೆಂದು ಬರೆಯುವವರು ಉಂಟು. ವ್ಯಾಪಾರದಲ್ಲಿ ಸೋತಿತು, ನಿಜ. ಆದರೆ ಹಂಚಿಕೊಳ್ಳುವ ಯಂತ್ರವೆಂಬ ಅದರ ಆಲೋಚನೆಯನ್ನು ಸೋಲಿಸಿದವರು ಯಾರೂ ಇಲ್ಲ, ಸುಮ್ಮನೆ ಮರೆತರು. ಫೋನು ಒಬ್ಬನ ವಸ್ತು. ನಮ್ಮ ತಂದೆಯವರ ಫೋನು ಬೆಳಗ್ಗೆ ಆರು ಗಂಟೆಗೆ ಅವರ ಜೇಬಿನಲ್ಲಿ ತೋಟಕ್ಕೆ ಹೋಗುತ್ತದೆ. ಸಂಜೆ ಬರುವವರೆಗೆ ಮನೆಯಲ್ಲಿ ‘ಕಂಪ್ಯೂಟರು’ ಇಲ್ಲ. ಫೋನಿನಲ್ಲಿ ಓದಬಹುದು, ನೋಡಬಹುದು. ಇಪ್ಪತ್ತು ಪುಟದ ಪ್ರಬಂಧವನ್ನು ಬರೆದು ತಿದ್ದುವುದು ಕಷ್ಟ. ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು ಅರ್ಜಿಯನ್ನು ತುಂಬುವುದು ಇನ್ನೂ ಕಷ್ಟ. ಹಾಗಾದರೆ ಲ್ಯಾಪ್‌ಟಾಪ್ ಏಕಾಗದು ಎಂದರೆ, ಹಣವಿದ್ದವರು ಅದನ್ನೇ ಕೊಳ್ಳಲಿ. ಅದು ಕಡಮೆ ವಾಟಿನದು, ಬ್ಯಾಟರಿಯುಳ್ಳದ್ದು, ಮಡಚಿಟ್ಟರೆ ಜಾಗ ಬೇಡದು. ಆದರೆ ಅದರ ಪರದೆ ಒಡೆದರೂ, ಕೀಲಿ ಕಿತ್ತರೂ ಇಡೀ ಯಂತ್ರವೇ ರಿಪೇರಿಗೆ ಹೋಗಬೇಕು. ನಮ್ಮಲ್ಲಿ ಒಳ್ಳೆಯ ಪರದೆಯೊಂದು ಆಗಲೇ ಇದ್ದಿತು. ಹಣವಂತೂ ಇರಲಿಲ್ಲ.

ಆಗ ನನ್ನ ಕಣ್ಣಿಗೆ ಬಿದ್ದುದು ನಡುಮನೆಯ ಗೋಡೆಗೂಡು. ನಮ್ಮದು ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆ. ಕರೆಂಟು ಬರುವ ಮೊದಲು ಚಿಮಣಿ ದೀಪ ಇಡುತ್ತಿದ್ದ ದೊಡ್ಡ ಗೂಡೊಂದು ಅದರಲ್ಲಿದೆ. ಅಳೆದೆನು: ಅಗಲ 18 ಇಂಚು, ಎತ್ತರ 18 ಇಂಚು, ಆಳ 9 ಇಂಚು; ನೆಲದಿಂದ ಗೂಡಿನ ತಳಕ್ಕೆ ಮೂರಡಿ. ಉಳಿದಿದ್ದ ಪರದೆಯ ಅಗಲ 15 ಇಂಚು! ಸ್ಟೂಲಿನ ಮೇಲೆ ಕುಳಿತರೆ ಪರದೆಯ ಮೇಲಂಚು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕತ್ತು ನೋಯದಿರಲು ಹಾಗೆಯೇ ಇರಬೇಕೆಂದು ಬಲ್ಲವರು ಹೇಳುವರು. ದೀಪದ ಬೆಳಕು ಕುಳಿತವರ ಮುಖಕ್ಕೆ ಬೀಳಲೆಂದು ನಮ್ಮ ಅಜ್ಜ ಕಟ್ಟಿಸಿದ ಎತ್ತರವೇ ಇದಕ್ಕೂ ಒದಗಿತು.

ಇನ್ನು ಯಂತ್ರ. ಬ್ಯಾಂಕು, ಆಫೀಸುಗಳಲ್ಲಿ ‘ಥಿನ್ ಕ್ಲಯಂಟ್’ ಎಂಬ ಚಿಕ್ಕ ಕಂಪ್ಯೂಟರುಗಳನ್ನು ಬಳಸುತ್ತಾರೆ. ದಪ್ಪ ನಿಘಂಟಿನಷ್ಟು ಗಾತ್ರ. ತಿರುಗುವ ಡಿಸ್ಕಿಲ್ಲ, ಫ್ಯಾನಿಲ್ಲ. ಕೆಲವು ವರ್ಷಗಳಾದ ಮೇಲೆ ಅವನ್ನು ಸಗಟಾಗಿ ಮಾರಿಬಿಡುತ್ತಾರೆ. ಚಿಕ್ಕಪ್ಪನವರು ಬೆಂಗಳೂರಿನಲ್ಲಿ ಅಂತಹುದೊಂದನ್ನು 3,200 ರೂಪಾಯಿಗೆ ಕೊಂಡು ಬಸ್ಸಿನಲ್ಲಿ ಕಳುಹಿಸಿದರು. ಸಾಧಾರಣ ಕೆಲಸಕ್ಕೆ ಅದು ತಿನ್ನುವುದು ಸುಮಾರು 10 ವಾಟು. ಪರದೆಗೆ 15 ವಾಟು. ಎರಡೂ ಕೂಡಿ 25. ನಮ್ಮ ಪುಣ್ಯಕ್ಕೆ ಎರಡರ ಅಡಾಪ್ಟರುಗಳೂ 12 ವೋಲ್ಟಿನವು. ಪರದೆಗಳ ಬೆನ್ನಿನಲ್ಲಿ ಸಾಮಾನ್ಯವಾಗಿ 75 ಅಥವಾ 100 ಮಿ.ಮೀ. ಅಂತರದಲ್ಲಿ ನಾಲ್ಕು ತಿರುಪಿನ ತೂತುಗಳಿರುವುದನ್ನು ವಾಚಕರು ಗಮನಿಸಿರಬಹುದು. ಅವು ಗೋಡೆಗೆ ತೂಗುಹಾಕುವುದಕ್ಕಾಗಿ ಇರುವುವು. ಅದೇ ತೂತುಗಳಿಗೆ ತಗಡಿನ ಪಟ್ಟಿಯೊಂದನ್ನು ಬಿಗಿದು ಯಂತ್ರವನ್ನು ಪರದೆಯ ಬೆನ್ನಿಗೇ ಕಟ್ಟಿದೆವು. ಗೂಡಿನ ಕೆಳಗೆ, ನೆಲದಿಂದ 28 ಇಂಚು ಮೇಲೆ, ಹಲಸಿನ ಹಲಗೆಯೊಂದನ್ನು ಕೀಲು ಹಾಕಿ ಜೋಡಿಸಿದರು ನಮ್ಮೂರ ಬಡಗಿ. ಬೇಕಾದಾಗ ಎತ್ತಿ ಸರಪಳಿ ಹಾಕಿದರೆ ಮೇಜು; ಬಿಟ್ಟರೆ ಗೋಡೆಗೆ ಅಂಟಿ ನಿಲ್ಲುವುದು. ಕೀಲಿಮಣೆ ಮೊಳೆಗೆ ನೇತಾಡುವುದು. ಹಳೆಯ ಮೇಜು ಅಂಗಳಕ್ಕೆ ಹೋಯಿತು, ಅಪ್ಪನ ಚಾಪೆ ಒಳಗೆ ಬಂದಿತು.

ವಾಟು ಇಳಿದುದರ ನಿಜವಾದ ಲಾಭ ಇನ್ನು ಮುಂದಿದೆ. 12 ವೋಲ್ಟಿನ, 7 ಆಂಪಿಯರ್-ಗಂಟೆಯ ಚಿಕ್ಕ ಬ್ಯಾಟರಿಯಲ್ಲಿ 84 ವಾಟ್-ಗಂಟೆಯಷ್ಟು ಶಕ್ತಿ ಇರುತ್ತದೆ. ಅದನ್ನು 25ರಿಂದ ಭಾಗಿಸಿದರೆ ಮೂರು ಗಂಟೆಗೆ ಮೇಲೆ. ಪೂರ್ತಿ ಹೀರಬಾರದಾದುದರಿಂದ ಎರಡು ಗಂಟೆ ಎಂದಿಟ್ಟುಕೊಳ್ಳೋಣ. ಹಳೆಯ ಪೆಟ್ಟಿಗೆಗೆ ಇದೇ ಬ್ಯಾಟರಿಯು ಅರ್ಧ ಗಂಟೆಯೂ ಸಾಲುತ್ತಿರಲಿಲ್ಲ. ಐ.ಟಿ.ಐ. ಓದಿದ ಪಕ್ಕದ ಮನೆಯ ಅಣ್ಣ ಚಾರ್ಜರನ್ನೂ, ವೋಲ್ಟೇಜು 12ರಿಂದ ಏರದಂತೆ ತಡೆಯುವ ಚಿಕ್ಕ ಹಲಗೆಯನ್ನೂ ನಡುವೆ ಜೋಡಿಸಿಕೊಟ್ಟರು. ಈ ತಡೆಹಲಗೆಯನ್ನು ಮರೆಯಬಾರದು. ಚಾರ್ಜಾಗುವಾಗ ಬ್ಯಾಟರಿಯು 14 ವೋಲ್ಟಿನವರೆಗೂ ಏರುತ್ತದೆ.

ಕರೆಂಟು ಹೋದಾಗ ಕೆಲಸ ನಿಲ್ಲದೆಂಬುದು ಬ್ಯಾಟರಿಯ ಒಂದು ಗುಣ. ಅದಕ್ಕಿಂತ ದೊಡ್ಡ ಗುಣವೆಂದರೆ ಕರೆಂಟು ಇರುವಾಗಲೂ ಪ್ಲಗ್ಗನ್ನು ಕಿತ್ತು ಕೆಲಸ ಮಾಡಬಹುದು. ಗುಡುಗು ಕೇಳಿದೊಡನೆ ಒಂದೇ ಒಂದು ಪ್ಲಗ್ಗನ್ನು ಎಳೆದರೆ ಯಂತ್ರಕ್ಕೂ ಹೊರಗಿನ ತಂತಿಗೂ ಸಂಬಂಧವೇ ಇಲ್ಲ. ಅಂತರ್ಜಾಲವು ಫೋನಿನಿಂದ ಗಾಳಿಯಲ್ಲಿ ಬರುವುದರಿಂದ ಆ ದಾರಿಯಿಂದಲೂ ಸಿಡಿಲಿಗೆ ಪ್ರವೇಶವಿಲ್ಲ. ಅರ್ಜಿಯ ಕೊನೆಯ ದಿನವೇ ಗುಡುಗು ಬಂದರೂ ಅರ್ಜಿ ನಿಲ್ಲದು.

ಎಲ್ಲವೂ ಸುಸೂತ್ರವಾಯಿತೆಂದು ಹೇಳಿದರೆ ಸುಳ್ಳಾದೀತು. ಅಡಿಕೆ ನಾರು ಬೀಳದಿರಲೆಂದು ಗೂಡಿಗೆ ಬಾಗಿಲು ಮಾಡಿಸಿದ್ದೆನು. ಒಂದು ದಿನ ಬಾಗಿಲನ್ನು ಮುಚ್ಚಿ ಯಂತ್ರವನ್ನು ಒಂದು ಗಂಟೆ ಓಡಿಸಿದಾಗ ಒಳಗಿನ ಶಾಖ 71 ಡಿಗ್ರಿಗೆ ಏರಿತು; ತೆರೆದಿಟ್ಟರೆ 54ಕ್ಕೆ ನಿಲ್ಲುತ್ತದೆ. ಫ್ಯಾನಿಲ್ಲದ ಯಂತ್ರವೂ ಉಸಿರಾಡಬೇಕು. ಬಿಸಿಗಾಳಿ ಮೇಲಕ್ಕೇರುವುದರಿಂದ ಬಾಗಿಲಿನ ಕೆಳಗೂ ಮೇಲೂ ಒಂದು ಇಂಚು ಸೀಳು ಬಿಡಿಸಿ, ಸೊಳ್ಳೆ ಪರದೆಯ ಬಟ್ಟೆಯನ್ನು ಹೊಡೆದೆವು. ಮಳೆಗಾಲದಲ್ಲಿ ಜಂಬಿಟ್ಟಿಗೆ ಗೋಡೆಯು ನೀರನ್ನು ಹೀರಿ ಬೆವರುತ್ತದೆ. ಯಂತ್ರವನ್ನು ಗೋಡೆಗೆ ತಾಗಿಸದೆ ಒಂದಂಗುಲ ಮುಂದೆ ನಿಲ್ಲಿಸಬೇಕಾಯಿತು. ನಮ್ಮ ಕಡೆ ಬಟ್ಟೆಯ ಬೀರುವಿನಲ್ಲಿ ಬೂಸಲು ಹಿಡಿಯದಿರಲೆಂದು ಚಿಕ್ಕ ಬಲ್ಬನ್ನು ಉರಿಸುವ ಪದ್ಧತಿ ಉಂಟಷ್ಟೆ. ದಿನಕ್ಕೆ ಎರಡು ಗಂಟೆ ಓಡಿದರೆ ಈ ಯಂತ್ರವೇ ಆ ಬಲ್ಬಿನ ಕೆಲಸವನ್ನು ಮಾಡಿಕೊಳ್ಳುತ್ತದೆ. ಆದುದರಿಂದ ಜುಲೈ ತಿಂಗಳಲ್ಲಿ ಕೆಲಸವಿಲ್ಲದಿದ್ದರೂ ಅದನ್ನು ಹಚ್ಚುತ್ತೇವೆ.

ಕನ್ನಡದ ವಿಷಯವಾಗಿ ಒಂದು ಮಾತು. ನಮ್ಮ ಲಿಪಿಯ ಅಕ್ಷರ, ಕಾಗುಣಿತ, ಒತ್ತಕ್ಷರಗಳಿಗೆಲ್ಲ ಒಂದೊಂದು ಕೀಲಿ ಕೊಡುವುದಾದರೆ ಕೀಲಿಮಣೆಯು ಮಂಚದಷ್ಟು ಆದೀತು. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸಿ, ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡವೆಲ್ಲ ಅಡಗುವಂತೆ ವಿನ್ಯಾಸವನ್ನು ರಚಿಸಿದರು. ‘ನುಡಿ’ ತಂತ್ರಾಂಶದಲ್ಲಿರುವುದು ಇದೇ ಕ್ರಮ; ಲಿನಕ್ಸಿನಲ್ಲಿಯೂ ಸಿಗುತ್ತದೆ. ಮೊಳೆಗೆ ನೇತಾಡುವ ನಮ್ಮ ಸಾಧಾರಣ ಕೀಲಿಮಣೆಯಲ್ಲಿ ಈ ಲೇಖನವನ್ನು ಬರೆಯಲು ಸಾಧ್ಯವಾದುದು ಆ ಒಬ್ಬರ ಉಪಕಾರದಿಂದ. ಕಿರಿದಾಗಿಸುವ ಕಲೆ ಚಿಪ್ಪಿನವರಿಗೆ ಮಾತ್ರ ಸೇರಿದ್ದಲ್ಲ.

ಸಿಂಪ್ಯೂಟರಿನ ಕಾರ್ಡಿನ ಬದಲು ನಾನು ನಾಲ್ವರಿಗೂ ಬೇರೆ ಬೇರೆ ಖಾತೆಗಳನ್ನು ತೆರೆದಿದ್ದೇನೆ. ಅಪ್ಪನ ಖಾತೆಯಲ್ಲಿ ಇರುವುದು ಒಂದೇ ಕಡತ: ಯಾವ ದಿನ ಯಾರ ತೋಟ, ಎಷ್ಟು ಗೊನೆ, ಎಷ್ಟು ಬಂದಿತು, ಎಷ್ಟು ಬಾಕಿ. ಮೊದಲು ಇದು ಗೋಡೆಯ ಮೇಲೆ ಮಸಿಯ ಗೆರೆಗಳಾಗಿ ಇರುತ್ತಿದ್ದಿತು; ವರ್ಷಕ್ಕೊಮ್ಮೆ ಸುಣ್ಣ ಬಳಿದಾಗ ಲೆಕ್ಕವೂ ಹೋಗುತ್ತಿದ್ದಿತು. ತಾಯಿಗೆ ಓದು ಬಾರದು. ಅವರ ಖಾತೆಯಲ್ಲಿ ಬರಹವನ್ನು ಓದಿ ಹೇಳುವ ಉಚಿತ ತಂತ್ರಾಂಶವನ್ನು ಹಾಕಿ ಒಂದು ದಿನ ಪತ್ರಿಕೆಯ ಅಡಿಕೆ ಧಾರಣೆಯನ್ನು ಓದಿಸಿದೆನು. ಅವರು ಸುಲಿಯುವುದನ್ನು ನಿಲ್ಲಿಸಿ ಕೇಳಿದರು.

“ಎಂತ ಇದು, ಶೀತ ಆದವ್ರ ಹಂಗೆ ಮಾತಾಡ್ತದೆ” ಎಂದರು. ಮರುದಿನ ಸಂಜೆ ತಾವಾಗಿಯೇ, “ಆ ಶೀತದವ್ರು ಇವತ್ತು ಎಂತ ಹೇಳ್ತಾರೆ ಕೇಳು” ಎಂದರು.

2025ರ ನವೆಂಬರಿನಲ್ಲಿ ಬೆಂಗಳೂರಿನ ತಂತ್ರಜ್ಞಾನ ಮೇಳದಲ್ಲಿ ನಮ್ಮ ರಾಜ್ಯದ ಕಿಯೋನಿಕ್ಸ್ ಸಂಸ್ಥೆಯು ‘ಕಿಯೋ’ ಎಂಬ ಪುಟ್ಟ ಗಣಕಯಂತ್ರವನ್ನು ಹೊರತಂದಿತು. ಯಾರು ಬೇಕಾದರೂ ಬಳಸಬಹುದಾದ ‘ರಿಸ್ಕ್-ಫೈವ್’ ಮಾದರಿಯ ಪ್ರೊಸೆಸರು, ಲಿನಕ್ಸ್ ತಂತ್ರಾಂಶ. ಪ್ರಕಟಿಸಿದ ಬೆಲೆ 18,999 ರೂಪಾಯಿ. ಪತ್ರಿಕೆಯಲ್ಲಿ ಅದರ ಚಿತ್ರವನ್ನು ನೋಡಿದಾಗ ಸಿಂಪ್ಯೂಟರಿನ ಊರು ಮತ್ತೆ ಎದ್ದಿತೆಂದು ಸಂತೋಷವಾಯಿತು. ಅಂತಹ ಯಂತ್ರಗಳನ್ನು ರಚಿಸುವವರಲ್ಲಿ ನನ್ನದೊಂದು ಅರಿಕೆ: ಪೆಟ್ಟಿಗೆಯೊಳಗೆ ಎರಡು ಗಂಟೆಯ ಬ್ಯಾಟರಿಯೊಂದನ್ನು ಇಡಿರಿ. ಮಲೆನಾಡಿನಲ್ಲಿ ಯಂತ್ರವು ಎಷ್ಟು ವೇಗವಾಗಿ ಓಡುತ್ತದೆ ಎಂಬುದಕ್ಕಿಂತ ಮೊದಲು, ಗುಡುಗಿದಾಗ ಅದನ್ನು ಏನು ಮಾಡಬೇಕು ಎಂದು ಕೇಳುತ್ತಾರೆ.

ಮುಂದಿನ ಜೂನಿಗೆ ನಾನು ಬಿ.ಎಡ್. ಓದಲು ಶಿವಮೊಗ್ಗಕ್ಕೆ ಹೋಗಬೇಕೆಂದಿದ್ದೇನೆ. ಯಂತ್ರವು ಮನೆಯಲ್ಲಿಯೇ ಇರುತ್ತದೆ. ತಂಗಿಗೆ ಎರಡನೆಯ ಪಿ.ಯು.ಸಿ. ಹಗಲು ಹೊತ್ತು ಮನೆಯಲ್ಲಿ ಇರುವವರು ತಾಯಿ ಒಬ್ಬರೇ. ಗೋಡೆಯ ಹಲಗೆಯಲ್ಲಿ ಪ್ಲಗ್ಗುಗಳು ನಾಲ್ಕು. ಯಾವುದನ್ನು ಎಳೆಯಬೇಕೆಂದು ಚೀಟಿಯಲ್ಲಿ ಬರೆದು ಅಂಟಿಸಿದೆನು, ಬರೆದ ಮೇಲೆ ನಾಚಿಕೆಯಾಯಿತು. ತಾಯಿ ಆ ಚೀಟಿಯನ್ನು ನೋಡಿ ಏನೂ ಹೇಳಲಿಲ್ಲ. ಸಂಜೆ ಕಾಲೇಜಿನಿಂದ ಬಂದಾಗ ಯಂತ್ರದ ಪ್ಲಗ್ಗಿನ ಕೊರಳಿಗೆ ಕೆಂಪು ದಾರವೊಂದನ್ನು ಕಟ್ಟಿದ್ದರು.